ಮಾಹಿತಿಯಿಂದ ಪಂಪು ಓಡುತ್ತದೆಯೇ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ಮೂರು ಎಕರೆ ಅಡಿಕೆ ತೋಟ. ತಗ್ಗಿನ ಕೆರೆಯಿಂದ ಗುಡ್ಡದ ಮೇಲಿನ ಟ್ಯಾಂಕಿಗೆ ಸುಮಾರು 30 ಮೀಟರ್ ನೀರು ಏರಿಸುತ್ತೇವೆ. 3 ಎಚ್‌ಪಿ ತ್ರೀ ಫೇಸ್ ಪಂಪು. ಮೊನ್ನೆ ಒಬ್ಬರು ಬಂದು ಪಂಪ್ ಶೆಡ್ಡಿನಲ್ಲಿ ಒಂದು ಪೆಟ್ಟಿಗೆ ಜೋಡಿಸಿ ತೋರಿಸಿದರು. ಬೆಲೆ 85,000 ರೂಪಾಯಿ. ಕ್ಲಾಂಪ್ ಮೀಟರಿನಲ್ಲಿ 5.6 ಆಂಪಿಯರ್ ಇದ್ದದ್ದು ಪೆಟ್ಟಿಗೆ ಹಾಕಿದ ಕೂಡಲೇ 4.3ಕ್ಕೆ ಇಳಿಯಿತು. ಕರಪತ್ರದಲ್ಲಿ ‘ಮ್ಯಾಕ್ಸ್‌ವೆಲ್ ತತ್ತ್ವದ ಎಐ ಸೆನ್ಸರ್, ಸುತ್ತಲಿನ ಬಿಸಿಯನ್ನು ಮಾಹಿತಿಯ ಮೂಲಕ ಕರೆಂಟಾಗಿಸುತ್ತದೆ, ಮೊದಲ ವರ್ಷ ಶೇ. 60 ಉಳಿತಾಯ, ಆಮೇಲೆ ಲೈನ್ ಕರೆಂಟೇ ಬೇಡ’ ಎಂದಿದೆ. ಜೊತೆಗೆ ಒಂದು ವಿಡಿಯೋ: ಒಂದು ಕೊಳವೆಗೆ ಗಾಳಿ ಬಿಟ್ಟರೆ ಒಂದು ತುದಿಯಲ್ಲಿ ಬಿಸಿ, ಇನ್ನೊಂದರಲ್ಲಿ ತಣ್ಣಗೆ ಬರುತ್ತದೆ. ನಾನು ಇದು ಮೋಸ ಎಂದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಫಿಸಿಕ್ಸ್ ಓದುವ ಮಗಳು, ‘ಪೆಟ್ಟಿಗೆಯ ವಿಷಯ ಗೊತ್ತಿಲ್ಲ ಅಪ್ಪ, ಆದರೆ ಮಾಹಿತಿಯಿಂದ ಕೆಲಸ ತೆಗೆಯಬಹುದು ಅನ್ನುವುದು ನಿಜ, ಪ್ರಯೋಗವೇ ಆಗಿದೆ’ ಎನ್ನುತ್ತಾಳೆ. ಪಕ್ಕದ ತೋಟದವರು ಹಾಕಿಸಿದ್ದಾರೆ, ಜೂನ್ ಮೇಲೆ ಅವರ ಯೂನಿಟ್ ಅರ್ಧಕ್ಕೆ ಇಳಿದಿದೆಯಂತೆ. ನಾನು 10,000 ಮುಂಗಡ ಕೊಟ್ಟಾಗಿದೆ. ಯಾರು ಹೇಳುವುದು ಸರಿ? ಖರ್ಚು ಇಳಿಸಲು ಬೇರೆ ದಾರಿ ಇದೆಯೇ?

ಉತ್ತರ: ಮೊದಲು ಮನೆಯ ಜಗಳ ಬಿಡಿಸೋಣ. ನೀವೂ ಸರಿ, ಮಗಳೂ ಸರಿ. ಮಾಹಿತಿಯಿಂದ ಕೆಲಸ ತೆಗೆಯಬಹುದು. ಅದರಿಂದ ನಿಮ್ಮ ಪಂಪು ಓಡುವುದಿಲ್ಲ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಯಾಕೆಂದರೆ ಇಂಥ ಪೆಟ್ಟಿಗೆ ಮಾರುವವರು ಈಗ ಪೂರ್ತಿ ಸುಳ್ಳು ಹೇಳುವುದಿಲ್ಲ. ಅರ್ಧ ನಿಜ ಹೇಳುತ್ತಾರೆ. ಓದಿದ ಮಕ್ಕಳಿರುವ ಮನೆಯಲ್ಲಿ ಅರ್ಧ ನಿಜವೇ ಜಾಸ್ತಿ ಕೆಲಸ ಮಾಡುವುದು.

ವಿಷಯ ಶುರುವಾದದ್ದು 1867ರಲ್ಲಿ, ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ತನ್ನ ಸ್ನೇಹಿತ ಟೇಟ್‌ಗೆ ಬರೆದ ಕಾಗದದಿಂದ. ಗಾಳಿ ತುಂಬಿದ ಡಬ್ಬಿ, ನಡುವೆ ಗೋಡೆ, ಗೋಡೆಯಲ್ಲಿ ಪುಟ್ಟ ಬಾಗಿಲು. ಬಾಗಿಲ ಬಳಿ ಚುರುಕು ಕಣ್ಣಿನ ಒಬ್ಬ ಕಾವಲುಗಾರ. ವೇಗವಾಗಿ ಬರುವ ಅಣುವನ್ನು ಒಂದು ಕಡೆಗೆ ಬಿಡುತ್ತಾನೆ, ನಿಧಾನದ ಅಣುವನ್ನು ಇನ್ನೊಂದು ಕಡೆಗೆ. ಸ್ವಲ್ಪ ಹೊತ್ತಿನಲ್ಲಿ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು. ಬಿಸಿ–ತಂಪು ಇದ್ದರೆ ಎಂಜಿನ್ ಓಡಿಸಬಹುದು ಅಲ್ವಾ? ಹಾಗಾದರೆ ಪುಕ್ಕಟೆ ಶಕ್ತಿ ಬಂತು, ಒಂದೇ ಬಿಸಿಯಲ್ಲಿರುವುದರಿಂದ ಪುಕ್ಕಟೆ ಕೆಲಸ ತೆಗೆಯಲಾಗದು ಎನ್ನುವ ಥರ್ಮೋಡೈನಾಮಿಕ್ಸಿನ ಎರಡನೆಯ ನಿಯಮ ಮುರಿಯಿತು! ಈ ಕಾವಲುಗಾರನಿಗೆ ಡೀಮನ್ ಎಂಬ ಹೆಸರು ಕೊಟ್ಟವನು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವನು.

1929ರಲ್ಲಿ ಲಿಯೋ ಝಿಲಾರ್ಡ್ ಇದನ್ನು ಇನ್ನೂ ಸರಳ ಮಾಡಿದ. ಡಬ್ಬಿಯಲ್ಲಿ ಒಂದೇ ಒಂದು ಅಣು. ನಡುವೆ ಒಂದು ತೆಳು ಹಲಗೆ ಇಳಿಸುತ್ತೀರಿ. ಅಣು ಎಡಕ್ಕಿದೆಯೋ ಬಲಕ್ಕಿದೆಯೋ ನೋಡುತ್ತೀರಿ. ಎಡಕ್ಕಿದ್ದರೆ, ಹಲಗೆ ಬಲಕ್ಕೆ ಸರಿದಾಗ ಮೇಲೇಳುವ ಹಾಗೆ ಒಂದು ತೂಕ ಕಟ್ಟುತ್ತೀರಿ. ಅಣು ಬಡಿದು ಬಡಿದು ಹಲಗೆಯನ್ನು ತಳ್ಳುತ್ತದೆ, ತೂಕ ಏರುತ್ತದೆ. ಅದಕ್ಕೆ ಬೇಕಾದ ಶಕ್ತಿ ಬರುವುದು ಡಬ್ಬಿಯ ಸುತ್ತಲಿನ ಬಿಸಿಯಿಂದ. ನೋಡದೆ ಸುಮ್ನೆ ಕಟ್ಟಿದ್ದರೆ ಅರ್ಧ ಸಲ ತಪ್ಪು ಕಡೆಗೆ ಕಟ್ಟಿ, ಒಟ್ಟು ಲಾಭ ಸೊನ್ನೆಯೋ ನಷ್ಟವೋ ಆಗುತ್ತಿತ್ತು. ಎಡವೋ ಬಲವೋ ಎಂಬ ಒಂದೇ ಒಂದು ಬಿಟ್ ಮಾಹಿತಿ ಗೊತ್ತಿದ್ದದ್ದರಿಂದ ಕೆಲಸ ಸಿಕ್ಕಿತು. ಹೀಗೆ ನೋಡಿ, ತೀರ್ಮಾನಿಸಿ, ಅದರಂತೆ ಕೈ ಆಡಿಸುವುದಕ್ಕೇ ಫೀಡ್‌ಬ್ಯಾಕ್ ಎನ್ನುವುದು. ನಿಮ್ಮ ಟ್ಯಾಂಕಿಯ ಫ್ಲೋಟ್ ಸ್ವಿಚ್ ಮಾಡುವುದೂ ಇದನ್ನೇ.

ಎಷ್ಟು ಕೆಲಸ ಸಿಕ್ಕಿತು? ಕರಪತ್ರ ಇದನ್ನು ಮಾತ್ರ ಹೇಳುವುದಿಲ್ಲ.

ಒಂದು ಬಿಟ್ಟಿಗೆ ಹೆಚ್ಚೆಂದರೆ ಕೆಟಿ ಲಾಗ್ 2. ಇಲ್ಲಿ ಕೆ ಅಂದರೆ ಬೋಲ್ಟ್ಸ್‌ಮನ್ ಸ್ಥಿರಾಂಕ, ಟಿ ಅಂದರೆ ಕೆಲ್ವಿನ್‌ನಲ್ಲಿ ಉಷ್ಣತೆ, ಲಾಗ್ ಸ್ವಾಭಾವಿಕ ಲಾಗರಿದಮ್. ನಮ್ಮೂರಿನ ಹಗಲಿಗೆ 300 ಕೆಲ್ವಿನ್ ಇಟ್ಟುಕೊಂಡರೆ ಇದು ಸುಮಾರು 2.9 × 10⁻²¹ ಜೂಲ್. ಬರೀ ಸಂಖ್ಯೆ ನೋಡಿದರೆ ಏನೂ ಅನಿಸುವುದಿಲ್ಲ, ನೀರಿಗೆ ಹಾಕಿ ನೋಡಿ. ಒಂದು ಲೀಟರ್ ನೀರನ್ನು ಒಂದು ಮೀಟರ್ ಎತ್ತಲು 9.8 ಜೂಲ್ ಬೇಕು. ಒಂದು ಟೆರಾಬೈಟ್ ಹಾರ್ಡ್ ಡಿಸ್ಕ್ ತುಂಬ, ಅಂದರೆ 8 ಲಕ್ಷ ಕೋಟಿ ಬಿಟ್‌ನಷ್ಟು, ಇಂಥ ಮಾಹಿತಿ ನಿಮ್ಮ ಬಳಿ ಇದೆ ಎನ್ನಿ. ಒಂದು ಬಿಟ್ಟೂ ಪೋಲಾಗದೆ ಎಲ್ಲವನ್ನೂ ಕೆಲಸವಾಗಿಸಿದರೂ, ಆ ಒಂದು ಲೀಟರನ್ನು ಒಂದು ಮೀಟರ್ ಎತ್ತಲು 40 ಕೋಟಿಗೂ ಜಾಸ್ತಿ ಡಿಸ್ಕ್ ಬೇಕು. ಒಂದು ಲೀಟರ್. ಒಂದು ಮೀಟರ್. ನಿಮ್ಮ ಟ್ಯಾಂಕಿ ಇರುವುದು 30 ಮೀಟರ್ ಮೇಲೆ.

ಪೆಟ್ಟಿಗೆಯ ಕಡೆಯಿಂದಲೂ ಲೆಕ್ಕ ಹಾಕಬಹುದು. ಒಂದು ಸಾಧಾರಣ ಕಂಟ್ರೋಲರ್ ಬೋರ್ಡು ಅರ್ಧ ವಾಟ್ ತಿನ್ನುತ್ತದೆ ಎನ್ನೋಣ. ಸೆಕೆಂಡಿಗೊಂದು ಸಲ 12 ಬಿಟ್‌ನ ಒಂದು ರೀಡಿಂಗ್ ತೆಗೆದುಕೊಳ್ಳುತ್ತದೆ. ಆ 12 ಬಿಟ್ಟಿನಿಂದ ವಾಪಸು ಬರಬಹುದಾದದ್ದು 3.4 × 10⁻²⁰ ಜೂಲ್. ತಿಂದದ್ದು 0.5 ಜೂಲ್. ಒಂದಕ್ಕೆ ಪ್ರತಿಯಾಗಿ 1 ಬರೆದು 19 ಸೊನ್ನೆ ಹಾಕಿದಷ್ಟು ಖರ್ಚು. ಎಐ ಸೇರಿಸಿದರೆ ಖರ್ಚು ಏರುತ್ತದೆಯೇ ಹೊರತು ಮೇಲಿನ ಮಿತಿ ಒಂದು ಕೂದಲೆಳೆಯೂ ಸರಿಯುವುದಿಲ್ಲ.

ಇದು ಇಂದಿನ ಯಂತ್ರಗಳ ದೋಷ, ಮುಂದೆ ಸರಿಯಾಗುತ್ತದೆ ಎಂದು ಮಾರುವವರು ಹೇಳಬಹುದು. ಆಗುವುದಿಲ್ಲ. ಕಾರಣ ಡೀಮನ್‌ನ ನೆನಪಿನಲ್ಲಿದೆ. ಎಡ, ಬಲ, ಬಲ, ಎಡ ಎಂದು ಅವನು ಎಲ್ಲಾದರೂ ಬರೆದಿಟ್ಟುಕೊಳ್ಳಲೇಬೇಕು. ಅವನ ನೆನಪು ಶಾಲೆಯ ಸ್ಲೇಟಿನ ಹಾಗೆ, ತುಂಬಿದರೆ ಒರೆಸದೆ ಮುಂದೆ ಬರೆಯಲಾಗದು. ಒಂದು ಬಿಟ್ ಒರೆಸುವಾಗ ಕಡಿಮೆ ಎಂದರೂ ಕೆಟಿ ಲಾಗ್ 2 ಅಷ್ಟು ಬಿಸಿ ಹೊರಗೆ ಹೋಗುತ್ತದೆ ಎಂದು 1961ರಲ್ಲಿ ಐಬಿಎಂನ ರಾಲ್ಫ್ ಲ್ಯಾಂಡಾವರ್ ತೋರಿಸಿದರು. ಅದರಿಂದಲೇ ಡೀಮನ್‌ನ ಲೆಕ್ಕ ಚುಕ್ತಾ ಆಗುತ್ತದೆ ಎಂದು ಅದೇ ಐಬಿಎಂನ ಚಾರ್ಲ್ಸ್ ಬೆನೆಟ್ 1982ರಲ್ಲಿ ಬಿಡಿಸಿ ಹೇಳಿದರು. ಎಡಗೈಯಲ್ಲಿ ಗಳಿಸಿದ್ದು ಬಲಗೈಯಲ್ಲಿ ಹೋಯಿತು. ಮಗಳಿಗೆ ಒಂದು ಸೂಕ್ಷ್ಮ ಹೇಳಿ: ಖರ್ಚು ಯಾವಾಗಲೂ ಒರೆಸುವ ಹಂತದಲ್ಲೇ ಬರಬೇಕೆಂದಿಲ್ಲ. ಅಳೆಯುವುದಕ್ಕೆ ಎಷ್ಟು, ಒರೆಸುವುದಕ್ಕೆ ಎಷ್ಟು ಅನ್ನುವುದು ಆ ನೆನಪಿನ ರಚನೆಯ ಮೇಲೆ ನಿಂತಿದೆ, ಎರಡೂ ಸೇರಿದ ಮೊತ್ತ ಮಾತ್ರ ಮಿತಿಗಿಂತ ಕೆಳಗೆ ಇಳಿಯದು. ಇದು ಜಪಾನಿನ ಭೌತವಿಜ್ಞಾನಿಗಳಾದ ಸಗಾವಾ ಮತ್ತು ಉಎಡಾ 2009ರಲ್ಲಿ ಕೊಟ್ಟ ಫಲಿತಾಂಶ.

ಮಗಳು ಹೇಳಿದ ಪ್ರಯೋಗ ಬಹುಶಃ 2010ರ ಜಪಾನಿನದು. ತೊಯಾಬೆ, ಸಗಾವಾ, ಉಎಡಾ, ಮುನೆಯುಕಿ, ಸಾನೊ ಎಂಬ ಐವರು ಮಾಡಿದ್ದು. ತುಂಬಾ ಚಂದದ ಪ್ರಯೋಗ, ಸ್ವಲ್ಪ ನಿಂತು ನೋಡಲೇಬೇಕು. ಪಾಲಿಸ್ಟೈರೀನ್‌ನ ಅತಿ ಸಣ್ಣ ಮಣಿಗಳ ಜೋಡಿಯನ್ನು ನೀರಿನಲ್ಲಿ ಗಾಜಿಗೆ ಅಂಟಿಸಿದ್ದರು. ಒಂದೊಂದು ಮಣಿಯ ಅಗಲ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ನೀರಿನ ಅಣುಗಳು ಬಡಿಯುತ್ತಿರುವುದರಿಂದ ಈ ಜೋಡಿ ಒಂದೇ ಸಮನೆ ನಡುಗುತ್ತಾ ಆಚೆ ಈಚೆ ತಿರುಗುತ್ತಿತ್ತು. ವಿದ್ಯುತ್ ಕ್ಷೇತ್ರ ಕೊಟ್ಟು, ಮಣಿಯ ಪಾಲಿಗೆ ಒಂದು ಸುರುಳಿ ಮೆಟ್ಟಿಲು ಇರುವಂತೆ ಮಾಡಿದರು. ಬಿಟ್ಟರೆ ಮಣಿ ಕೆಳಗಿನ ಮೆಟ್ಟಿಲಿಗೇ ಹೋಗುವುದು ಜಾಸ್ತಿ. ಆದರೆ ಒಮ್ಮೊಮ್ಮೆ ನಡುಕದಲ್ಲಿ ತಾನಾಗಿ ಒಂದು ಮೆಟ್ಟಿಲು ಮೇಲಕ್ಕೂ ಹಾರುತ್ತದೆ. ಕ್ಯಾಮೆರಾ ನೋಡುತ್ತಿರುತ್ತದೆ. ಹಾರಿದ್ದು ಕಂಡ ಕೂಡಲೇ ಕ್ಷೇತ್ರ ಬದಲಿಸಿ, ಹಿಂದಕ್ಕೆ ಇಳಿಯದಂತೆ ತಡೆ ಹಾಕುತ್ತಾರೆ. ಹೀಗೆ ಮಣಿಯನ್ನು ಯಾರೂ ತಳ್ಳದೆ ಅದು ಮೆಟ್ಟಿಲು ಹತ್ತಿತು. ಪಡೆದ ಮಾಹಿತಿಯ ಸುಮಾರು ಶೇ. 28 ಶಕ್ತಿಯಾಯಿತು.

ಈ ಲೆಕ್ಕದಲ್ಲಿ ಕ್ಯಾಮೆರಾ, ಕಂಪ್ಯೂಟರ್ ತಿಂದ ಕರೆಂಟು ಸೇರಿಲ್ಲ. ಸೇರಿಸಿದರೆ ಪ್ರಯೋಗಾಲಯ ಭಾರೀ ನಷ್ಟದಲ್ಲಿದೆ. ಅವರಿಗೆ ಬೇಕಾಗಿದ್ದದ್ದು ತತ್ತ್ವ, ಕರೆಂಟಲ್ಲ. 2014ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದವರು ಝಿಲಾರ್ಡ್‌ನ ಎಂಜಿನನ್ನೇ ಒಂದು ಎಲೆಕ್ಟ್ರಾನ್ ಇಟ್ಟುಕೊಂಡು ಮಾಡಿ ತೋರಿಸಿದರು, ಸಂಪೂರ್ಣ ಸೊನ್ನೆ ಉಷ್ಣತೆಯ ಹತ್ತಿರದ ಚಳಿಯಲ್ಲಿ. ಈ ವಿದ್ಯೆಗೆ ನಿಜವಾದ ಬೆಲೆ ಇರುವುದು ಇಂಥ ಲೋಕದಲ್ಲಿ. ನಮ್ಮ ಜೀವಕೋಶದೊಳಗೆ ಶಕ್ತಿ ಒದಗಿಸುವ ಒಂದು ಎಟಿಪಿ ಅಣು ಒಡೆದರೆ ಸಿಗುವುದೇ ಸುಮಾರು 20 ಕೆಟಿ. ಅಲ್ಲಿ ಒಂದು ಕೆಟಿ ಅಂದರೆ ದೊಡ್ಡ ಮೊತ್ತ. ಅಡಿಕೆ ತೋಟದಲ್ಲಿ ಅದು ಲೆಕ್ಕಕ್ಕೇ ಇಲ್ಲ.

ಆ ಪ್ರಯೋಗದಿಂದ ನಿಮ್ಮ ತೋಟಕ್ಕೂ ಬರುವ ಎರಡು ಪಾಠಗಳಿವೆ. ಒಂದು, ನೋಡಿದ ಮೇಲೆ ತಡ ಮಾಡಿದಷ್ಟೂ ಲಾಭ ಇಳಿಯುತ್ತದೆ. ಮಿಲಿಸೆಕೆಂಡುಗಳಲ್ಲೇ ಮಣಿ ವಾಪಸು ಜಾರಿರುತ್ತದೆ. ಎರಡು, ಅಳತೆ ತಪ್ಪಿದರೆ ಮಾಹಿತಿ ನಾವು ಎಣಿಸಿದ್ದಕ್ಕಿಂತ ಜಾಸ್ತಿ ಕರಗುತ್ತದೆ. ಹೌದು–ಅಲ್ಲ ಎನ್ನುವ ಸೆನ್ಸರ್ ಹತ್ತರಲ್ಲಿ ಒಂದು ಸಲ ಸುಳ್ಳು ಹೇಳಿದರೆ ಉಳಿಯುವುದು 0.9 ಬಿಟ್ ಅಲ್ಲ, 0.53 ಬಿಟ್. ನಾಲ್ಕರಲ್ಲಿ ಒಂದು ಸಲ ಸುಳ್ಳಾದರೆ 0.19. ಫೀಡ್‌ಬ್ಯಾಕ್ ಇದ್ದಾಗ ತೆಗೆಯಬಹುದಾದ ಕೆಲಸದ ಮಿತಿ ಹೇಳುವ ಸಗಾವಾ–ಉಎಡಾ ಸೂತ್ರದಲ್ಲಿ ಬರುವುದು ಹೀಗೆ ಉಳಿದ ಮಾಹಿತಿ ಮಾತ್ರ.

ಇನ್ನು ವಿಡಿಯೋದ ಕೊಳವೆ. ಅದು ಸುಳ್ಳಲ್ಲ. ವೋರ್ಟೆಕ್ಸ್ ಟ್ಯೂಬ್ ಎನ್ನುತ್ತಾರೆ, 1930ರ ದಶಕದಲ್ಲಿ ಫ್ರಾನ್ಸಿನ ರಾಂಕ್ ಕಂಡುಹಿಡಿದದ್ದು. ಕಾರ್ಖಾನೆಗಳಲ್ಲಿ ಪ್ಯಾನೆಲ್ ತಣ್ಣಗಿಡಲು ನಾನೂ ಬಳಸಿದ್ದೇನೆ. ಒಳಗೆ ಅಣು ಆರಿಸುವ ಡೀಮನ್ ಯಾರೂ ಇಲ್ಲ. ಕಂಪ್ರೆಸರ್ ಒತ್ತಿ ಕಳಿಸಿದ ಗಾಳಿ ಸುತ್ತುತ್ತಾ ಎರಡಾಗುತ್ತದೆ, ಅಷ್ಟೇ. ವಿಡಿಯೋದಲ್ಲಿ ಕಂಪ್ರೆಸರನ್ನು ತೋರಿಸುವುದಿಲ್ಲ, ಸದ್ದೂ ಕೇಳಿಸುವುದಿಲ್ಲ. ಕರೆಂಟಿನ ಬಿಲ್ಲು ಬರುವುದು ಅದಕ್ಕೆ.

ಈಗ ನಿಮ್ಮ ಕಣ್ಣೆದುರೇ ಇಳಿದ ಆಂಪಿಯರ್. ಇದರಲ್ಲಿ ಎಂಥವರೂ ಬೀಳುತ್ತಾರೆ. ಮೋಟಾರಿಗೆ ಎರಡು ಬಗೆಯ ಕರೆಂಟು ಹೋಗುತ್ತದೆ. ಒಂದು ಕೆಲಸ ಮಾಡುತ್ತದೆ, ಇನ್ನೊಂದು ಸುರುಳಿಯಲ್ಲಿ ಕಾಂತಕ್ಷೇತ್ರ ಹುಟ್ಟಿಸಿ ಲೈನಿಗೆ ವಾಪಸು ಹೋಗುತ್ತದೆ. ಪಕ್ಕದಲ್ಲಿ ಒಂದು ಕೆಪಾಸಿಟರ್ ಇಟ್ಟರೆ ಈ ಎರಡನೆಯದು ಅಲ್ಲೇ ಓಡಾಡುತ್ತದೆ, ಲೈನಿನಿಂದ ಬರಬೇಕಾಗಿಲ್ಲ. ಕ್ಲಾಂಪ್ ಮೀಟರ್ ಎರಡನ್ನೂ ಸೇರಿಸಿ ತೋರಿಸುವುದರಿಂದ ಅಂಕಿ ಇಳಿಯುತ್ತದೆ. ಆದರೆ ಯೂನಿಟ್ ಮೀಟರ್ ಎಣಿಸುವುದು ಮೊದಲನೆಯದನ್ನು ಮಾತ್ರ. 400 ವೋಲ್ಟಿನಲ್ಲಿ 5.6 ಆಂಪಿಯರ್ 4.3 ಆಯಿತು ಎಂದರೆ ಪವರ್ ಫ್ಯಾಕ್ಟರ್, ಅಂದರೆ ಒಟ್ಟು ಕರೆಂಟಿನಲ್ಲಿ ಕೆಲಸ ಮಾಡುವುದರ ಪಾಲು, 0.75ರಿಂದ 0.97ರ ಆಸುಪಾಸಿಗೆ ಏರಿದ ಲೆಕ್ಕ. ಎರಡೂ ಸಲ ಮೋಟಾರು ಎಳೆಯುತ್ತಿದ್ದದ್ದು ಅದೇ 2.9 ಕಿಲೋವಾಟ್. ಉದ್ದ ಲೈನಿನ ಕೊನೆಯಲ್ಲಿರುವ ತೋಟಕ್ಕೆ ಕೆಪಾಸಿಟರಿನಿಂದ ವೋಲ್ಟೇಜ್ ತುಸು ಸುಧಾರಿಸುವುದು ನಿಜ. ಅದಕ್ಕೆ 85,000 ಯಾಕೆ? ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಪಾಸಿಟರ್ ಮಾತ್ರ ಕೊಂಡರೆ ಸಾಕು.

ಪಕ್ಕದವರ ಯೂನಿಟ್ ಜೂನ್ ಮೇಲೆ ಇಳಿದದ್ದಕ್ಕೆ ಪೆಟ್ಟಿಗೆ ಬೇಕಾಗಿರಲಿಲ್ಲ. ಮಳೆ ಸಾಕು. ನಮ್ಮ ಕಡೆ ಮಳೆಗಾಲದಲ್ಲಿ ತೋಟಕ್ಕೆ ನೀರು ಬಿಡುವವರು ಯಾರು?

ಹೋಲಿಸಬೇಕಾದದ್ದು ಬಿಲ್ಲನ್ನಲ್ಲ, ಸಾವಿರ ಲೀಟರಿಗೆ ಎಷ್ಟು ಯೂನಿಟ್ ಎಂಬುದನ್ನು. ಟ್ಯಾಂಕಿ ಖಾಲಿ ಇರುವಾಗ ಮೀಟರ್ ಬರೆದುಕೊಳ್ಳಿ, ಬೇರೆಲ್ಲ ಆಫ್ ಮಾಡಿ, ಪಂಪು ಹಾಕಿ, ತುಂಬಿದ ಮೇಲೆ ಮತ್ತೆ ಬರೆದುಕೊಳ್ಳಿ. ಸಾವಿರ ಲೀಟರ್ ನೀರನ್ನು 30 ಮೀಟರ್ ಏರಿಸಲು ಪ್ರಕೃತಿ ಕೇಳುವ ಕನಿಷ್ಠ 0.082 ಯೂನಿಟ್. ಮೋಟಾರು, ಪಂಪು, ಪೈಪು ಎಲ್ಲದರ ನಷ್ಟ ಸೇರಿ 0.2 ಬಂದರೆ ನಿಮ್ಮದು ಸಾಧಾರಣ ಒಳ್ಳೆಯ ಪಂಪು. ಇಲ್ಲಿ ಶೇ. 60 ಉಳಿಸುತ್ತೇನೆ ಎಂದರೆ 0.08. ಅಂದರೆ ನಷ್ಟವಿಲ್ಲದ ಮೋಟಾರು, ತಿಕ್ಕಾಟವಿಲ್ಲದ ಪೈಪು ಸಿಕ್ಕರೂ ಸಾಲದು! 0.3 ದಾಟಿದ್ದರೆ ಮಾತ್ರ ನಿಮ್ಮಲ್ಲಿ ನಿಜವಾದ ಉಳಿತಾಯ ಕಾದಿದೆ. ಇಂಪೆಲ್ಲರ್ ಸವೆದಿರಬಹುದು, ಫುಟ್‌ವಾಲ್ವ್ ಕಟ್ಟಿರಬಹುದು, ಪೈಪು ಸಣ್ಣದಾಗಿರಬಹುದು. ನಾನು ನೋಡಿದ ತೋಟಗಳಲ್ಲಿ ಸಾಮಾನ್ಯವಾಗಿ ತಪ್ಪಿತಸ್ಥ ಪೈಪು.

ಸೆನ್ಸರ್, ಕಂಟ್ರೋಲರ್ ಎಲ್ಲ ದಂಡ ಎಂದು ನಾನು ಹೇಳುತ್ತಿಲ್ಲ. ನನ್ನ ಹೊಟ್ಟೆಪಾಡೇ ಅದು. ಅವು ಕೆಲಸಕ್ಕೆ ಬರುವುದು ಈಗಾಗಲೇ ಒಂದು ದೊಡ್ಡ ಏರುಪೇರು ಇರುವ ಕಡೆ. ಸೂರ್ಯನ ಮೈ 5,500 ಡಿಗ್ರಿ ಸೆಲ್ಸಿಯಸ್, ನಿಮ್ಮ ಅಂಗಳ 30. ಗುಡ್ಡದ ಸುರಂಗದ ನೀರು ಮೇಲೆ, ತೋಟ ಕೆಳಗೆ. ಇಂಥ ಅಂತರ ಇದ್ದರೆ ಶಕ್ತಿ ಅಲ್ಲಿಂದ ಬರುತ್ತದೆ, ಮಾಹಿತಿ ಅದನ್ನು ಪೋಲಾಗದಂತೆ ನೋಡಿಕೊಳ್ಳುತ್ತದೆ. ಪಂಪ್ ಶೆಡ್ಡಿನ ಗಾಳಿ, ಗೋಡೆ, ಪೆಟ್ಟಿಗೆ ಎಲ್ಲ ಒಂದೇ ಬಿಸಿಯಲ್ಲಿದ್ದರೆ ಅಲ್ಲಿ ಹಿಡಿಯಲು ಏನೂ ಇಲ್ಲ.

ಸೋಲಾರ್ ಪಂಪಿನ ಕಂಟ್ರೋಲರನ್ನೇ ತೆಗೆದುಕೊಳ್ಳಿ. ಎಂಪಿಪಿಟಿ ಎಂದು ಬರೆದಿರುತ್ತಾರೆ. ಅದು ಪ್ಯಾನೆಲಿನ ವೋಲ್ಟೇಜನ್ನು ತುಸು ಏರಿಸಿ ನೋಡುತ್ತದೆ. ಪವರ್ ಹೆಚ್ಚಿದರೆ ಅದೇ ದಿಕ್ಕಿನಲ್ಲಿ ಮುಂದೆ, ಇಳಿದರೆ ಹಿಂದೆ. ಜಪಾನಿನ ಕ್ಯಾಮೆರಾದ ಹಾಗೆಯೇ ನೋಡುವುದು, ತಿರುಗಿಸುವುದು. ಇದು ಕೊಡುವ ಲಾಭ ನಿಜವಾದದ್ದು, ಯಾಕೆಂದರೆ ಕೊಡುವವನು ಸೂರ್ಯ. ನಿಮಗೆ ನಾನು ಮೊದಲು ಹೇಳುವ ದಾರಿ ಇದೇ, ಆದರೆ ಒಂದು ಷರತ್ತು: ನೆರಳಿಲ್ಲದ ಜಾಗ ಇರಬೇಕು. ಅಡಿಕೆ ಮರದ ನೆರಳು ಒಂದು ಪ್ಯಾನೆಲಿನ ಮೂಲೆಗೆ ಬಿದ್ದರೂ ಸಾಲಿನ ಉತ್ಪಾದನೆ ಕುಸಿಯುತ್ತದೆ, ಆಗ ಅಗ್ಗದ ಕಂಟ್ರೋಲರ್ ತಪ್ಪು ಜಾಗದಲ್ಲೇ ಸಿಕ್ಕಿಕೊಳ್ಳುವುದೂ ಇದೆ. ಹಣ ಹಾಕುವ ಮೊದಲು ಸಬ್ಸಿಡಿ ವಿಷಯ ಕೇರಳ ಸರ್ಕಾರದ ನವೀಕರಿಸಬಹುದಾದ ಇಂಧನ ಸಂಸ್ಥೆ ಅನೆರ್ಟ್‌ನ ಕಚೇರಿಯಲ್ಲಿ ಕೇಳಿ.

ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಹಾಕಿಸಿ ಎಂದು ಹೇಳುವವರೂ ಬರುತ್ತಾರೆ. ಮೋಟಾರಿನ ವೇಗ ಇಳಿಸಿದರೆ ಪವರ್ ವೇಗದ ಘನದಷ್ಟು ಇಳಿಯುತ್ತದೆ, ಶೇ. 80 ವೇಗದಲ್ಲಿ ಅರ್ಧ ಕರೆಂಟು ಸಾಕು ಎನ್ನುತ್ತಾರೆ. ಸಮತಟ್ಟು ಜಾಗದಲ್ಲಿ, ಪೈಪಿನ ತಿಕ್ಕಾಟ ಮಾತ್ರ ಇರುವಲ್ಲಿ, ಅದು ಹತ್ತಿರ ಹತ್ತಿರ ಸರಿ. ನಿಮ್ಮದು ಗುಡ್ಡ. ಪಂಪು ಪೂರ್ತಿ ವೇಗದಲ್ಲಿ ಹೆಚ್ಚೆಂದರೆ 40 ಮೀಟರ್ ತಳ್ಳುತ್ತದೆ ಎನ್ನಿ. ಶೇ. 80 ವೇಗದಲ್ಲಿ ಅದು 25.6 ಮೀಟರ್ ಆಗುತ್ತದೆ. ಟ್ಯಾಂಕಿ ಇರುವುದು 30ರಲ್ಲಿ. ಮೋಟಾರು ತಿರುಗುತ್ತಿರುತ್ತದೆ, ಮೀಟರ್ ಓಡುತ್ತಿರುತ್ತದೆ, ನೀರು ಮೇಲೇರದೆ ಪಂಪಿನಲ್ಲೇ ನಿಂತು ಬಿಸಿಯಾಗುತ್ತದೆ. ನಿಮಗೆ ವಿಎಫ್‌ಡಿ ಬೇಡ.

ಮಣ್ಣಿನ ತೇವ ನೋಡಿ ನೀರು ಬಿಡುವ ಸೆನ್ಸರ್ ಮೂರನೆಯದು. ನೀರು ಕಡಿಮೆ ಎತ್ತಿದರೆ ಯೂನಿಟ್ ತಾನಾಗಿ ಇಳಿಯುತ್ತದೆ, ಹನಿ ನೀರಾವರಿ ಇದ್ದರೆ ಇನ್ನೂ ಒಳ್ಳೆಯದು. ತೊಡಕು ಎಲ್ಲಿ ಅಂದರೆ, ಮುರಕಲ್ಲಿನ ಹರಳು ಮಣ್ಣಿನಲ್ಲಿ ಸೆನ್ಸರಿನ ಕಡ್ಡಿಗೆ ಮಣ್ಣು ಸರಿಯಾಗಿ ಕಚ್ಚುವುದಿಲ್ಲ. ನಡುವೆ ಗಾಳಿ ಇದ್ದರೆ ಒಣಗಿದೆ ಎಂದೇ ಹೇಳುತ್ತದೆ. ಹತ್ತರಲ್ಲಿ ಒಂದು ಸುಳ್ಳು ಎಂದೆನಲ್ಲ, ಇಲ್ಲಿ ಅದಕ್ಕಿಂತ ಜಾಸ್ತಿ ಆದೀತು. ತಡದ ಸಮಸ್ಯೆಯೂ ಇದೆ. ಆಳದಲ್ಲಿ ಹುಗಿದ ಸೆನ್ಸರಿಗೆ ನೀರು ಮುಟ್ಟುವ ಹೊತ್ತಿಗೆ ಮೇಲೆ ಅಗತ್ಯಕ್ಕಿಂತ ಹೆಚ್ಚು ಬಿಟ್ಟಾಗಿರುತ್ತದೆ. ಆದ್ದರಿಂದ ಬುಡದ ಹತ್ತಿರ, ಬೇರು ಓಡುವ ಆಳದಲ್ಲಿ, ನುಣ್ಣಗೆ ಜರಡಿ ಹಿಡಿದ ಮಣ್ಣನ್ನು ಕಲಸಿ ತುಂಬಿ ಹುಗಿಯಿರಿ. ಒಂದರ ಬದಲು ಎರಡು ಮೂರು ಕಡೆ ಹಾಕಿ. ಎಷ್ಟು ನೀರು ಬಿಡಬೇಕು ಅನ್ನುವುದಕ್ಕೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರನ್ನು ಕೇಳಿ, ಪೆಟ್ಟಿಗೆ ಮಾರುವವರನ್ನಲ್ಲ. ಏಪ್ರಿಲ್–ಮೇ ತಿಂಗಳ ಸಿಡಿಲಿಗೆ ಮೊದಲು ಬಲಿಯಾಗುವುದೂ ಇಂಥ ಎಲೆಕ್ಟ್ರಾನಿಕ್ಸೇ. ಅರ್ಥಿಂಗ್, ಸರ್ಜ್ ಅರೆಸ್ಟರ್ ಇಲ್ಲದೆ ಯಾವುದನ್ನೂ ಶೆಡ್ಡಿಗೆ ತರಬೇಡಿ.

ಮುಂಗಡದ ವಿಷಯ. ಮಾರುವವರಿಗೆ ಒಂದು ಅವಕಾಶ ಕೊಡಿ. ರಾತ್ರಿ ಮೈನ್ ಫ್ಯೂಸ್ ತೆಗೆದು, ಬ್ಯಾಟರಿ ಇಲ್ಲ ಎಂದು ಪೆಟ್ಟಿಗೆ ಬಿಚ್ಚಿ ತೋರಿಸಿ, ಸಾವಿರ ಲೀಟರ್ ನೀರು ಟ್ಯಾಂಕಿಗೆ ಏರಿಸಲಿ. ಒಪ್ಪದಿದ್ದರೆ ಹಣ ವಾಪಸು ಕೊಡಿ ಎಂದು ಬರಹದಲ್ಲಿ ಕೇಳಿ. ಫೋನಿನಲ್ಲಿ ಮಾತಾಡಿ ಬಿಡಬೇಡಿ. ಕರಪತ್ರವನ್ನು ಎಸೆಯಬೇಡಿ. ‘ಲೈನ್ ಕರೆಂಟೇ ಬೇಡ’ ಎಂಬ ಮಾತು ಅಚ್ಚಾಗಿರುವುದು ಅದರಲ್ಲೇ, ಮುಂಗಡದ ರಸೀದಿಯಷ್ಟೇ ಬೆಲೆ ಅದಕ್ಕೂ ಇದೆ. ದಾರಿ ತಪ್ಪಿಸುವ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಆಗದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಪಕ್ಕದ ತೋಟದವರನ್ನೂ ಜೊತೆಗೆ ಕರೆದುಕೊಳ್ಳಿ. ಆದರೆ ಅದಕ್ಕೆ ಮೊದಲು ಅವರ ಟ್ಯಾಂಕಿಯಲ್ಲೂ ಸಾವಿರ ಲೀಟರಿನ ಲೆಕ್ಕ ಮಾಡಿ ನೋಡಿ, ಪೆಟ್ಟಿಗೆ ಹಾಕಿ ಒಮ್ಮೆ, ತೆಗೆದು ಒಮ್ಮೆ. ಎರಡೂ ಅಂಕಿಗಳನ್ನು ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ, ಮೀಟರಿನ ಫೋಟೋ ಸಮೇತ.